ಐದು ಗಂಟೆಯ ಕ್ಲಾಸು

ಸಂಜೆ ನಾಲ್ಕೂವರೆಯ ಬಸ್ಸು ಹೋಯಿತೆಂದರೆ ಕಾಲೇಜಿನಲ್ಲಿ ಉಳಿಯುತ್ತಿದ್ದದ್ದು ಮೂರೇ ಸದ್ದು. ವರ್ಕ್‌ಶಾಪಿನ ಅಟೆಂಡರ್ ಶಟರ್ ಎಳೆಯುವುದು, ಕ್ಯಾಂಟೀನಿನ ಹಿತ್ತಲಲ್ಲಿ ಪಾತ್ರೆ ತಿಕ್ಕುವುದು, ಎರಡನೆಯ ಮಹಡಿಯ ತುದಿಕೋಣೆಯಲ್ಲಿ ನಾವು ಬೆಂಚು ಎಳೆದಾಡುವುದು. ಆ ಕೋಣೆಯ ಕಿಟಕಿಗಳೆಲ್ಲ ಪಡುವಣಕ್ಕೆ. ಹೊರಗೆ ಹೆದ್ದಾರಿಯವರೆಗೂ ಎರಿಹೊಲ, ಕಾಯಿ ಒಡೆದು ನಿಂತ ಹತ್ತಿ. ಇಳಿಬಿಸಿಲು ನೇರ ಬೋರ್ಡಿಗೇ ಬಡಿಯುತ್ತಿದ್ದರಿಂದ ಎಡಗಡೆ ಕೂತವರಿಗೆ ಸೀಮೆಸುಣ್ಣದ ಗೆರೆ ಕಾಣುತ್ತಿರಲಿಲ್ಲ. ಹಾಗಾಗಿ ಇಪ್ಪತ್ತೆಂಟು ಜನವೂ ಬಲಗಡೆಯ ಬೆಂಚುಗಳಲ್ಲಿ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುವಂತೆ ಒತ್ತಿಕೊಂಡು ಕೂರುತ್ತಿದ್ದೆವು. ಮೂರು ಫ್ಯಾನುಗಳಲ್ಲಿ ಒಂದು ತಿರುಗುತ್ತಿತ್ತು. ಅದು ಎಡಗಡೆಯದು.

ನಾವೆಲ್ಲ ಡಿಪ್ಲೊಮಾದವರು. ಎಸ್ಸೆಸ್ಸೆಲ್ಸಿ ಮುಗಿಸಿ, ಮೂರು ವರ್ಷ ಪಾಲಿಟೆಕ್ನಿಕ್‌ನಲ್ಲಿ ಕಳೆದು, ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು, 2019ರಲ್ಲಿ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ ಬಂದು ಕೂತವರು. ಇದಕ್ಕೆ ಲ್ಯಾಟರಲ್ ಎಂಟ್ರಿ ಎನ್ನುತ್ತಾರೆ, ಎಂದರೆ ಪಕ್ಕದ ಬಾಗಿಲಿನಿಂದ ಒಳಗೆ ಬರುವುದು. ಆಗ ಮಂಜೂರಾದ ಸೀಟುಗಳ ಮೇಲೆ ಶೇಕಡಾ 10 ನಮ್ಮಂಥವರಿಗೆ, ಜತೆಗೆ ಮೊದಲ ವರ್ಷ ಖಾಲಿ ಉಳಿದವು. ಮುಂಬಾಗಿಲಿನಿಂದ ಬಂದವರಿಗೆ ಮೊದಲ ವರ್ಷ ಪರಿಚಯದ ಕಾರ್ಯಕ್ರಮ ಇರುತ್ತದೆ. ಯಾರು ಯಾವ ವಿಭಾಗ, ಗ್ರಂಥಾಲಯ ಎಲ್ಲಿದೆ, ಹೇಗೆ ಓದಬೇಕು, ಎಲ್ಲವನ್ನೂ ಕೈಹಿಡಿದು ಹೇಳುತ್ತಾರೆ. ನಾವು ಬರುವ ಹೊತ್ತಿಗೆ ಆ ಪೆಂಡಾಲು ಕಿತ್ತು ವರ್ಷ ಕಳೆದಿರುತ್ತದೆ. ತರಗತಿಯಲ್ಲಿ ಗುಂಪುಗಳು ಆಗಿಬಿಟ್ಟಿರುತ್ತವೆ, ಮುಂದಿನ ಬೆಂಚುಗಳೂ ಹಂಚಿಹೋಗಿರುತ್ತವೆ. ಹಿಂದಿನ ಬೆಂಚು ನಮಗೆ ಯಾರೂ ಕೊಟ್ಟದ್ದಲ್ಲ, ಉಳಿದದ್ದು.

ಹಾಸ್ಟೆಲ್ಲಿನಲ್ಲಿ ಯಾರಿಗೂ ಹೆಸರಿರಲಿಲ್ಲ, ಊರಿತ್ತು. ಸಿವಿಲ್ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯ ಒಬ್ಬ ಗುತ್ತಿಗೆದಾರರ ಕೈಕೆಳಗೆ ಎರಡು ವರ್ಷ ಬಿಸಿಲು ತಿಂದು ಬಂದವನು ರೋಣ. ನಮಗಿಂತ ದೊಡ್ಡವನು, ಮೀಸೆಯೂ ದೊಡ್ಡದು. ಕಂಪ್ಯೂಟರ್ ಸೈನ್ಸಿನ ಹುಡುಗಿ ಸಿಂಧನೂರು. ನಾನು ಮೆಕ್ಯಾನಿಕಲ್, ಮುಂಡರಗಿ. ನಮ್ಮೂರು ಮುಂಡರಗಿಯಿಂದ ಇನ್ನೂ ಒಳಗೆ, ಕಪ್ಪತಗುಡ್ಡದ ಬುಡದಲ್ಲಿ. ಆದರೆ ಅಷ್ಟು ವಿವರ ಹಾಸ್ಟೆಲ್ಲಿಗೆ ಬೇಕಿರಲಿಲ್ಲ.

ಡಿಪ್ಲೊಮಾದವರ ಮೂರನೇ ಸೆಮಿಸ್ಟರನ್ನು ಯಾರು ಹೀಗೆ ಜೋಡಿಸಿದರೋ ನನಗೆ ಇಂದಿಗೂ ಸೋಜಿಗ. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರ ಜತೆ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್, ಫೋರಿಯರ್ ಸೀರೀಸ್. ಮಧ್ಯಾಹ್ನ ನಮಗಷ್ಟೇ ‘ಅಡಿಷನಲ್ ಮ್ಯಾಥಮ್ಯಾಟಿಕ್ಸ್’ ಎಂಬ ಹೆಚ್ಚುವರಿ ವಿಷಯ, ನಮ್ಮ ಬಾಯಲ್ಲಿ ಮ್ಯಾಟ್‌ಡಿಪ್. ಅದರಲ್ಲಿ ಸಂಕೀರ್ಣ ಸಂಖ್ಯೆ, ವೆಕ್ಟರ್, ಡಿಫರೆನ್ಸಿಯೇಷನ್, ಇಂಟಿಗ್ರೇಷನ್. ಅಂದರೆ ಬೆಳಿಗ್ಗೆ ಮಾಳಿಗೆ, ಮಧ್ಯಾಹ್ನ ತಳಪಾಯ. ಇಂಟಿಗ್ರೇಷನ್ನನ್ನು ಸರಾಗವಾಗಿ ಮಾಡುವವನಿಗೇ ಲಾಪ್ಲಾಸ್ ಒಲಿಯುವುದು ಕಷ್ಟ, ನಮಗೋ ಎರಡನ್ನೂ ಒಂದೇ ದಿನ ಪರಿಚಯಿಸುತ್ತಿದ್ದರು. ಮ್ಯಾಟ್‌ಡಿಪ್ಪಿನ ಅಂಕ ಸಿಜಿಪಿಎ ಲೆಕ್ಕಕ್ಕೆ ಬರುತ್ತಿರಲಿಲ್ಲ, ಆದರೆ ಪಾಸಾಗದಿದ್ದರೆ ನಮ್ಮ ವಿಶ್ವವಿದ್ಯಾಲಯ ವಿಟಿಯು ಪದವಿಯನ್ನೇ ಕೊಡುತ್ತಿರಲಿಲ್ಲ. ಉಪ್ಪಿನಕಾಯಿಯಂಥ ವಿಷಯ ಎಂದು ರೋಣ ಹೇಳುತ್ತಿದ್ದ: ಊಟದ ಲೆಕ್ಕದಾಗಿಲ್ಲ, ಆದರ ಅದಿಲ್ಲದ ಏಳಂಗಿಲ್ಲ.

ಮೊದಲ ಇಂಟರ್ನಲ್ಸ್‌ನಲ್ಲಿ ನನಗೆ 30ಕ್ಕೆ 3 ಬಂತು. ಆ ಮೂರೂ ಹೆಸರು, ನಂಬರು ನೀಟಾಗಿ ಬರೆದದ್ದಕ್ಕೆ ಇರಬೇಕು. ಉತ್ತರಪತ್ರಿಕೆ ಹಂಚುತ್ತಿದ್ದ ಒಬ್ಬ ಮೇಷ್ಟರು ನನ್ನದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಡಿಪ್ಲೊಮಾ ಅಲಾ?” ಎಂದರು. ಅದೇ ಪೂರ್ತಿ ವಿವರಣೆ. ಇಡೀ ತರಗತಿ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಎಲ್ಲರೂ ಅರ್ಥವಾಯಿತೆಂಬಂತೆ ಸುಮ್ಮನಿದ್ದರು.

ಅದರ ಮರುವಾರ ನೋಟಿಸ್ ಬೋರ್ಡಿಗೆ ಒಂದು ಹಾಳೆ ಬಂತು: ‘ಲ್ಯಾಟರಲ್ ಎಂಟ್ರಿ ವಿದ್ಯಾರ್ಥಿಗಳಿಗೆ ರೆಮಿಡಿಯಲ್ ಕ್ಲಾಸ್, ಸಂಜೆ 5ರಿಂದ 6.’ ರೆಮಿಡಿ ಎಂದರೆ ಮದ್ದು. ಮದ್ದು ಕುಡಿಯುವವನು ರೋಗಿ. ಆ ಪದವನ್ನು ಅಲ್ಲಿ ಬರೆದವರಿಗೆ ಅಷ್ಟು ದೂರದ ಯೋಚನೆ ಇರಲಿಲ್ಲ. ನಮಗಿತ್ತು. ಮೊದಲ ವಾರ ಐದು ಗಂಟೆಗೆ ಮಹಡಿ ಹತ್ತುವಾಗ ಪ್ರತಿಯೊಬ್ಬರ ಕೈಯಲ್ಲೂ ಒಂದು ನೆಪ ಇರುತ್ತಿತ್ತು. ಒಬ್ಬನಿಗೆ ಬಸ್ಸು ತಪ್ಪಿತ್ತು. ಒಬ್ಬನಿಗೆ ಲೈಬ್ರರಿಯ ಬುಕ್ ಬ್ಯಾಂಕಿನಲ್ಲಿ ಕೆಲಸವಿತ್ತು, ಲೈಬ್ರರಿ ಇದ್ದದ್ದು ನೆಲಮಹಡಿಯಲ್ಲಿ. ಸಿಂಧನೂರು ತನ್ನ ರೂಮ್‌ಮೇಟುಗಳಿಗೆ ‘ಸೆಮಿನಾರ್ ಐತಿ’ ಎಂದು ಹೇಳಿ ಬರುತ್ತಿದ್ದಳು. ದಿನಾಲೂ ಸೆಮಿನಾರು.

ಕ್ಲಾಸು ತೆಗೆದುಕೊಳ್ಳುತ್ತಿದ್ದವರು ಧಾರವಾಡದ ಕಡೆಯ ಅತಿಥಿ ಉಪನ್ಯಾಸಕರು. ಅತಿಥಿ ಎಂದು ಕರೆದು ವರ್ಷಾನುಗಟ್ಟಲೆ ಉಪಚಾರವಿಲ್ಲದೆ ದುಡಿಸಿಕೊಳ್ಳುವ ನಮ್ಮ ಸರ್ಕಾರಿ ಪದ್ಧತಿಯ ಬಗ್ಗೆ ಇನ್ನೊಮ್ಮೆ ಬರೆಯಬಹುದು. ಆ ಸಂಜೆಯ ತಾಸಿಗೆ ಅವರಿಗೆ ಕಾಸು ಸಿಗುತ್ತಿರಲಿಲ್ಲ ಎಂಬುದು ಮಾತ್ರ ನಮಗೆ ಗೊತ್ತಿತ್ತು. ಸ್ಟೀಲಿನ ಥರ್ಮಾಸ್ಸಿನಲ್ಲಿ ಚಹಾ ತರುತ್ತಿದ್ದರು. ಅದರ ಮುಚ್ಚಳಕ್ಕೆ ಬಗ್ಗಿಸಿಕೊಂಡು, ಮೊದಲ ದಿನ ಮೇಜಿನ ತುದಿಗೆ ಕೂತು ಹೇಳಿದರು:

“ನಿಮಗ ಏನೇನು ಗೊತ್ತೈತಿ ಅದನ್ನ ಹೇಳ್ರಿ. ಗೊತ್ತಿಲ್ಲದ್ದು ನನಗ ಗೊತ್ತೈತಿ.”

ಯಾರೂ ಬಾಯಿ ಬಿಡಲಿಲ್ಲ. ಗೊತ್ತಿರುವುದನ್ನು ಕೇಳಿದವರು ಆ ಕಟ್ಟಡದಲ್ಲಿ ಅಲ್ಲಿಯವರೆಗೆ ಇರಲಿಲ್ಲ. ಕಡೆಗೆ ರೋಣ, “ಲೆವೆಲ್ ಹಿಡಿಯೂದು ಗೊತ್ತೈತ್ರಿ ಸರ,” ಎಂದ. ಬೋರ್ಡಿನ ಮೇಲೆ ‘ಲೆವೆಲ್’ ಎಂದು ಬರೆದರು. ಆಮೇಲೆ ಒಂದೊಂದಾಗಿ ಬಂದವು. ಸೋಲ್ಡರಿಂಗ್. ಮನೆ ವೈರಿಂಗ್. ಪಂಪ್‌ಸೆಟ್ ಮೋಟರ್ ಸುತ್ತುವುದು. ಲೇಥಿನಲ್ಲಿ ಟೇಪರ್ ತೆಗೆಯುವುದು. ಒಬ್ಬ ಸುಮ್ಮನೆ ತಮಾಷೆಗೆ “ರೊಟ್ಟಿ ಬಡಿಯೂದು” ಎಂದ, ಅದನ್ನೂ ಬರೆದರು. ಬೋರ್ಡು ತುಂಬಿತು. ಆ ದಿನ ಲೆಕ್ಕ ಮಾಡಲಿಲ್ಲ.

ಮಾರನೇ ದಿನ ನನ್ನನ್ನೇ ಎಬ್ಬಿಸಿದರು. “ಏ ತಮ್ಮಾ, ಆ ಟೇಪರ್ ಹೆಂಗ ತಗೀತಿ ಹೇಳು.” ಇದು ನನಗೆ ನಿದ್ದೆಯಲ್ಲೂ ಬರುತ್ತಿತ್ತು. ಮೂವತ್ತು ಮಿಲಿಮೀಟರಿನ ಸರಳು ಐವತ್ತು ಮಿಲಿಮೀಟರ್ ಉದ್ದದಲ್ಲಿ ಇಪ್ಪತ್ತಕ್ಕೆ ಇಳಿಯಬೇಕು ಅಂದರೆ ಕಾಂಪೌಂಡ್ ರೆಸ್ಟಿನ ನಟ್ಟು ಸಡಿಲಿಸಿ ಐದೂಮುಕ್ಕಾಲು ಡಿಗ್ರಿಗೆ ಒಂದು ಕೂದಲು ಕಮ್ಮಿ ತಿರುಗಿಸಿ ಬಿಗಿ ಮಾಡುವುದು. “ಐದೂಮುಕ್ಕಾಲು ಎಲ್ಲಿಂದ ಬಂತು?” ಪಾಲಿಟೆಕ್ನಿಕ್‌ನಲ್ಲಿ ಗೋಡೆಗೆ ಅಂಟಿಸಿದ್ದ ಪಟ್ಟಿಯಿಂದ ಬಂತು. ಅವರು ನನ್ನ ಕೈಗೆ ಸೀಮೆಸುಣ್ಣ ಕೊಟ್ಟು ಸರಳನ್ನು ಉದ್ದಕ್ಕೆ ಸೀಳಿದಂತೆ ಬರೆಸಿದರು. ವ್ಯಾಸ ಹತ್ತು ಇಳಿಯಿತೆಂದರೆ ಒಂದು ಬದಿಗೆ ಐದು. ಉದ್ದ ಐವತ್ತು. ಐದು ಭಾಗ ಐವತ್ತು, ಸೊನ್ನೆ ದಶಾಂಶ ಒಂದು. “ಯಾವ ಕೋನದ ಟ್ಯಾನ್ ಇಷ್ಟು ಬರ್ತೈತಿ, ಕ್ಯಾಲ್ಕುಲೇಟರ್‌ನ್ಯಾಗ ಒತ್ತಿ ನೋಡು.” ಒತ್ತಿದೆ. 5.71. ಮೂರು ವರ್ಷ ನನ್ನ ಬಲಗೈ ಟ್ರಿಗ್ನಾಮೆಟ್ರಿ ಮಾಡಿಕೊಂಡು ಬಂದಿತ್ತು, ತಲೆಗೆ ಹೇಳಿರಲಿಲ್ಲ.

ಅವರದೊಂದೇ ಕಟ್ಟಳೆ. ಬೋರ್ಡಿಗೆ ಬಂದವನು ಮಾಡುವುದನ್ನು ಬಾಯಿಬಿಟ್ಟು ತನ್ನ ಮಾತಿನಲ್ಲಿ ಹೇಳುತ್ತ ಮಾಡಬೇಕು. “ಮೊದಲ ಬಾಯಾಗ ಬರಲಿ. ಇಂಗ್ಲಿಷು ಪರೀಕ್ಷಾದಾಗ ಕೈಗೆ ತಾನ ಬರ್ತೈತಿ.” ನಾವು ಅಲ್ಲಿಯವರೆಗೆ ಗಣಿತವನ್ನು ಮೌನವಾಗಿ ನಕಲು ಮಾಡುವ ವಿಷಯ ಎಂದುಕೊಂಡಿದ್ದೆವು. ಬಾಯಿ ತೆಗೆಯಬೇಕಾಗಿ ಬಂದಾಗಲೇ ಎಲ್ಲಿ ಅಡ್ಡಿಯಾಗುತ್ತಿದೆ ಎಂಬುದು ನಮಗೇ ಕೇಳಿಸತೊಡಗಿತು. ಆ ಸೆಮಿಸ್ಟರಿನ ವೇಳಾಪಟ್ಟಿಯಲ್ಲಿ ಕನ್ನಡಕ್ಕೆ ಇದ್ದ ಜಾಗ ‘ಆಡಳಿತ ಕನ್ನಡ’ ಎಂಬ ವಿಷಯದ್ದು. ಅರ್ಜಿ, ಟಿಪ್ಪಣಿ, ಸುತ್ತೋಲೆ ಬರೆಯುವುದನ್ನು ಅದು ಕಲಿಸುತ್ತಿತ್ತು. ಕಚೇರಿಗೆ ಅರ್ಜಿ ಬರೆಯಲು ಕನ್ನಡ, ಬುದ್ಧಿ ಓಡಿಸಲು ಬೇರೆ ಭಾಷೆ ಎಂದಂತಾಯಿತು. ಮುಂದೆ 2021ರಲ್ಲಿ ಎಂಜಿನಿಯರಿಂಗನ್ನು ಕನ್ನಡದಲ್ಲೇ ಓದಲು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಒಪ್ಪಿಗೆ ಕೊಟ್ಟಾಗ ನಮ್ಮಲ್ಲಿ ಸೇರಲು ಮುಂದೆ ಬಂದವರು ತೀರಾ ಕಡಿಮೆ. ನನಗೆ ಆಶ್ಚರ್ಯವಾಗಲಿಲ್ಲ. ಪದವಿ ಪ್ರಮಾಣಪತ್ರದ ಮೇಲೆ ಯಾವ ಭಾಷೆ ಇರಬೇಕೆಂಬುದು ನಮ್ಮ ಪ್ರಶ್ನೆಯಾಗಿರಲಿಲ್ಲ. ಸಂಜೆ ಒಂದು ತಾಸು ಕನ್ನಡದಲ್ಲಿ ತಪ್ಪಬಹುದೇ ಎಂಬುದಾಗಿತ್ತು.

ಗ್ರೇಡಿಯಂಟ್ ಬಂದ ಸಂಜೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ವೆಕ್ಟರ್ ಡಿಫರೆನ್ಸಿಯೇಷನ್ನಿನ ಪಾಠ; ತಲೆಕೆಳಗಾದ ತ್ರಿಕೋನದ ಗುರುತು. ಅದರ ಹೆಸರು ಡೆಲ್. ಬೋರ್ಡಿನ ಮೇಲೆ ಅದನ್ನು ಕಂಡ ಕೂಡಲೇ ಹಿಂದಿನಿಂದ ಯಾರೋ ಉಸಿರು ಬಿಟ್ಟರು. ಸರ್ ಸೂತ್ರ ಬರೆಯದೆ, “ಯಾರ ಮನ್ಯಾಗ ಒಣಬೇಸಾಯ ಐತಿ?” ಎಂದು ಕೇಳಿದರು. ಹದಿನೈದು ಕೈ ಎದ್ದವು. ನಮ್ಮದು ಎರಡೂವರೆ ಎಕರೆ, ಮಳೆ ನಂಬಿದ್ದು. “ನಿಮ್ಮಪ್ಪ ಗಳೆ ಹೆಂಗ ಹೊಡೀತಾರ? ಇಳಿಜಾರ ಹಿಡದ ಕೆಳಗ ಹೊಡೀತಾರೊ, ಅಡ್ಡ ಹೊಡೀತಾರೊ?”

“ಅಡ್ಡರೀ ಸರ. ಉದ್ದಕ್ಕ ಹೊಡದ್ರ ಮಣ್ಣೆಲ್ಲಾ ಹಳ್ಳ ಸೇರ್ತೈತಿ.”

“ಬದು?”

“ಅದೂ ಅಡ್ಡ. ಸಮಪಾತಳಿ ಬದು ಅಂತಾರ್ರಿ.”

ಅಷ್ಟು ಹೊತ್ತಿಗೆ ರೋಣ ಎದ್ದು ನಿಂತಾಗಿತ್ತು. ಸರ್ವೆ ಮಾಡಿದವನಿಗೆ ಕಾಂಟೂರ್ ಎಂದರೆ ಮನೆಯ ಅಂಗಳ. ಯಾರೂ ಕರೆಯದೆ ಬೋರ್ಡಿಗೆ ಹೋಗಿ ಒಂದರೊಳಗೊಂದು ಸುತ್ತುಸುತ್ತಾಗಿ ಗೆರೆ ಬರೆದ, ಈರುಳ್ಳಿ ಹೆಚ್ಚಿಟ್ಟ ಹಾಗೆ. ಒಂದೊಂದು ಗೆರೆಯ ಮೇಲೆ ಎಲ್ಲಿ ನಿಂತರೂ ಎತ್ತರ ಒಂದೇ, ಗೆರೆ ಒತ್ತೊತ್ತಾಗಿದ್ದಲ್ಲಿ ಕಡಿದಾದ ಏರು, ಬಿಡಿಬಿಡಿಯಾಗಿದ್ದಲ್ಲಿ ಸಪಾಟು ಎಂದು ಹೇಳಿದ. ಹುಬ್ಬಳ್ಳಿಯ ಸೈಟಿನಲ್ಲಿ ಕೆಲಸದವರಿಗೆ ಹೇಳುವ ದನಿಯಲ್ಲೇ ಹೇಳಿದ. ಸರ್ ಅವನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಒಂದು ಗೆರೆಯ ಮೇಲೆ ಚುಕ್ಕಿ ಇಟ್ಟರು. “ಇಲ್ಲೆ ಒಂದು ಕೊಡ ನೀರ ಸುರದ್ರ ಯಾವ ಕಡೆ ಹರೀತೈತಿ?” ಸಿಂಧನೂರು ಕೂತಲ್ಲಿಂದಲೇ ಬೆರಳಲ್ಲಿ ತೋರಿಸಿದಳು: ಗೆರೆಗೆ ನೆಟ್ಟಗೆ ಅಡ್ಡ, ಕೆಳಮುಖ. “ಅದರ ಉಲ್ಟಾ ಬಾಣ ಬರೀರಿ. ಅದ ಗ್ರೇಡಿಯಂಟ್. ಎಷ್ಟು ಕಡಿದು ಐತೊ ಬಾಣ ಅಷ್ಟು ಉದ್ದ.” ಆಮೇಲೆ ಪಾರ್ಶಿಯಲ್ ಡೆರಿವೇಟಿವ್ ಬಂತು: ಮೂಡಣಕ್ಕೆ ಒಂದು ಹೆಜ್ಜೆ ಇಟ್ಟರೆ ಎಷ್ಟು ಏರಿದೆ, ಬಡಗಣಕ್ಕೆ ಒಂದು ಹೆಜ್ಜೆ ಇಟ್ಟರೆ ಎಷ್ಟು. ಒಂದು ಕಡೆ ನಡೆಯುವಾಗ ಇನ್ನೊಂದು ಕಡೆಯದನ್ನು ಕದಲಿಸಬಾರದು. ಎರಡನ್ನೂ ಕೂಡಿಸಿ ಕಟ್ಟಿದರೆ ಬಾಣ.

ಅಪ್ಪ ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ಕಂದೀಲು ಹಿಡಿದು ಬದು ನೋಡಲು ಹೋಗುತ್ತಿದ್ದರು. ಎಲ್ಲಿ ಒಡೆಯಬಹುದೆಂದು ಅವರಿಗೆ ಮೊದಲೇ ಗೊತ್ತಿರುತ್ತಿತ್ತು. ಅದನ್ನೇ ಈ ತಲೆಕೆಳಗಾದ ತ್ರಿಕೋನ ಹೇಳುತ್ತಿದೆ ಎಂದು ಹೊಳೆದಾಗ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟು ದಿನ ಯಾಕೆ ಯಾರೂ ಹೇಳಲಿಲ್ಲ?

ನವೆಂಬರ್ ಹೊತ್ತಿಗೆ ಕ್ಲಾಸಿಗೆ ಒಬ್ಬ ಹೊರಗಿನವನು ಬರತೊಡಗಿದ. ಸಿಇಟಿಯಿಂದ ಸೇರಿದ ತುಮಕೂರಿನವನು, ಪಿಯುಸಿಯಲ್ಲಿ ಗಣಿತಕ್ಕೆ 90ರ ಮೇಲೆ ತೆಗೆದವನು. ಅವನಿಗೆ ನಮ್ಮ ಕ್ಲಾಸು ಬೇಕಿರಲಿಲ್ಲ, ನಾವು ಬೇಕಿತ್ತು. ಮಷೀನ್ ಶಾಪ್ ಲ್ಯಾಬಿನಲ್ಲಿ ಅವನು ಚಕ್ಕಿನಲ್ಲಿ ಕೀಲಿಯನ್ನು ಹಾಗೇ ಬಿಟ್ಟು ಸ್ವಿಚ್ಚಿಗೆ ಕೈ ಹಾಕಿದ್ದ. ನಾನು ಎರಡು ಹೆಜ್ಜೆಯಲ್ಲಿ ಹೋಗಿ ಅವನ ಮಣಿಕಟ್ಟು ಹಿಡಿದಿದ್ದೆ. ಲೇಥು ತಿರುಗಿದ್ದರೆ ಆ ಕೀಲಿ ಯಾರದಾದರೂ ಹಣೆಗೆ ಬರುತ್ತಿತ್ತು. ಪಾಲಿಟೆಕ್ನಿಕ್‌ನಲ್ಲಿ ಇದು ಮೊದಲ ದಿನದ ಪಾಠ: ಕೀಲಿ ಕೈಯಲ್ಲಿರಬೇಕು, ಇಲ್ಲವೇ ಟ್ರೇನಲ್ಲಿ. ಅವತ್ತು ರಾತ್ರಿ ಅವನು ನನ್ನ ರೂಮಿಗೆ ಬಂದು, “ಮಗಾ, ನಂಗೆ ಫೈಲ್ ಹಿಡಿಯೋಕೂ ಬರಲ್ಲ ಕಣೋ. ಹೇಳ್ಕೊಡ್ತೀಯಾ? ಲಾಪ್ಲಾಸ್ ನಾನು ನೋಡ್ಕೋತೀನಿ,” ಎಂದ. ವ್ಯಾಪಾರ ಕುದುರಿತು. ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿ ನಾನು ಮೇಷ್ಟರು, ಸಂಜೆ ಐದಕ್ಕೆ ಅವನು. ಅವನ ಹಿಂದೆ ಇನ್ನಿಬ್ಬರು ಬಂದರು. ಯಾರು ದಡ್ಡರೆಂದು ಅಲ್ಲಿಗೆ ಬಂದಿದ್ದಾರೆ ಎಂಬುದು ಆಮೇಲೆ ಹೊರಗಿನವರಿಗೆ ಗೊತ್ತಾಗದೆ ಹೋಯಿತು. ನೋಟಿಸ್ ಬೋರ್ಡಿನ ಹಾಳೆ ಬಿಸಿಲಿಗೆ ಬಿಳಚಿ ಉದುರಿತ್ತು. ಎಲ್ಲರೂ ‘ಐದರ ಕ್ಲಾಸು’ ಎನ್ನುತ್ತಿದ್ದರು. ಸಿಂಧನೂರು ಸೆಮಿನಾರು ನಿಲ್ಲಿಸಿದಳು.

ಕೆಲಸಕ್ಕೆ ಸೇರಿದ ಮೇಲೆ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞರು 1992ರಲ್ಲಿ ಪ್ರಕಟಿಸಿದ ಒಂದು ಲೇಖನ ಓದಿದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳೇ ಹೆಚ್ಚಾಗಿ ನಪಾಸಾಗುತ್ತಿದ್ದರಂತೆ. ಓದುವ ಆಸೆಯಿಲ್ಲ, ತಯಾರಿ ಸಾಲದು, ಮನೆಯಲ್ಲಿ ಬಡತನ ಎಂದು ಎಲ್ಲರ ಬಳಿಯೂ ಕಾರಣ ಸಿದ್ಧವಿತ್ತು. ಟ್ರೈಸ್‌ಮನ್ 20 ಕಪ್ಪು ವಿದ್ಯಾರ್ಥಿಗಳನ್ನೂ 20 ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಅವರವರ ಕೋಣೆಗೇ ಹೋಗಿ ಗಮನಿಸಿದರು. ಮೊದಲಿನವರು ಮೇಷ್ಟರು ಹೇಳಿದಂತೆ ವಾರಕ್ಕೆ 8 ಗಂಟೆ ಓದುತ್ತಿದ್ದರು, ಒಬ್ಬೊಬ್ಬರೇ, ಬಾಗಿಲು ಹಾಕಿಕೊಂಡು. ಎರಡನೆಯವರು 14 ಗಂಟೆ. ಅದರಲ್ಲಿ ಒಂದಷ್ಟು ಹೊತ್ತು ಸಂಜೆ ಒಟ್ಟಿಗೆ ಅಡುಗೆ ಮಾಡಿಕೊಂಡು, ಉಂಡು, ಒಬ್ಬರ ಲೆಕ್ಕ ಇನ್ನೊಬ್ಬರು ತಿದ್ದುತ್ತ. 1978ರಲ್ಲಿ ಅವರು ಶುರು ಮಾಡಿದ ಕಾರ್ಯಾಗಾರದಲ್ಲಿ ರೆಮಿಡಿಯಲ್ ಎಂಬ ಮಾತೇ ಇರಲಿಲ್ಲ. ತರಗತಿಯಲ್ಲಿ ಕೊಡುವುದಕ್ಕಿಂತ ಕಷ್ಟದ ಲೆಕ್ಕಗಳನ್ನೇ ಕೊಟ್ಟು, ಕೂಡಿ ಬಿಡಿಸಿ ಎಂದರು. ಓದುತ್ತಿದ್ದಾಗ ನನಗೆ ಆ ತಿರುಗದ ಫ್ಯಾನುಗಳ ಕೆಳಗಿನ ಬೆವರಿನ ವಾಸನೆ ಬಂತು. ನಮ್ಮ ಸರ್ ಇದನ್ನು ಓದಿದ್ದರೋ ಇಲ್ಲವೋ ಕೇಳಿಲ್ಲ. ಬಿಸಿಲು ನಮ್ಮನ್ನು ಒಂದೇ ಬದಿಗೆ ತಳ್ಳಿ ಕೂರಿಸಿದ್ದಂತೂ ನಿಜ.

ದುಡ್ಡಿನ ವಿಚಾರ ಹೆಚ್ಚು ಹೇಳುವುದಿಲ್ಲ, ಅದು ಎಲ್ಲರ ಕಥೆಯೂ ಹೌದು. ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲ್ಲಿನಲ್ಲಿ ಸೀಟು ಸಿಕ್ಕವರಿಗೆ ಸಿಕ್ಕಿತು. ಸಿಗದವರಿಗೆ ವಿದ್ಯಾಸಿರಿ ಯೋಜನೆಯ ತಿಂಗಳಿಗೆ 1,500 ರೂಪಾಯಿ, ವರ್ಷದಲ್ಲಿ ಹತ್ತು ತಿಂಗಳು. ಬರಬೇಕಾದಾಗ ಬರದೆ, ಮರೆತಾಗ ಒಟ್ಟಿಗೆ ಬರುತ್ತಿತ್ತು. ಅವ್ವ ಊರಿನ ಖಾನಾವಳಿಗೆ ಕಟಕ ರೊಟ್ಟಿ ಬಡಿದುಕೊಡುತ್ತಿದ್ದಳು. ನಾನು ಊರಿಂದ ಬರುವಾಗ ಅದರದೊಂದು ಗಂಟು, ಶೇಂಗಾ ಚಟ್ನಿಯ ಡಬ್ಬಿ. ಐದರ ಕ್ಲಾಸಿಗೆ ಒಯ್ದರೆ ಆರಕ್ಕೆ ಚಿಂದಿಬಟ್ಟೆ ಮಾತ್ರ ವಾಪಸು.

ಸೆಪ್ಟೆಂಬರ್ 15ಕ್ಕೆ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳಂತೆ ನಮ್ಮಲ್ಲೂ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಬಿದ್ದಿತ್ತು, ಶಿಸ್ತಿನ ಬಗ್ಗೆ ಭಾಷಣಗಳಾಗಿದ್ದವು. ಅವರು ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದದ್ದು, ಪುಣೆಯಲ್ಲಿ ಎಂಜಿನಿಯರಿಂಗ್ ಓದಲು ಮೈಸೂರು ಸರ್ಕಾರದ ನೆರವು ಪಡೆದದ್ದು ಆ ಭಾಷಣಗಳಲ್ಲಿ ಬರಲಿಲ್ಲ. ನೆರವು ಪಡೆದ ಮಾತು ಹಾರ ಹಾಕುವ ದಿನ ಹೇಳುವಂಥದ್ದಲ್ಲ ಎಂದುಕೊಂಡಿದ್ದರೇನೋ. ಹಿಂದಿನ ಬೆಂಚಿನಲ್ಲಿ ಕೂತವರಿಗೆ ಬೇಕಿದ್ದದ್ದು ಅದೇ.

ಮ್ಯಾಟ್‌ಡಿಪ್ಪಿನ ಮೊದಲ ಪತ್ರಿಕೆಯಲ್ಲಿ ನನಗೆ 60ಕ್ಕೆ 28 ಬಂತು. ಗ್ರೇಡಿಯಂಟಿನ ಪ್ರಶ್ನೆ ಪೂರ್ತಿ ಸರಿ. ಎರಡನೇ ಭಾಗ ಶುರುವಾಗಿ ಮ್ಯಾಟ್ರಿಕ್ಸಿನ ರ‍್ಯಾಂಕ್ ನಡೆಯುತ್ತಿದ್ದಾಗ, 2020ರ ಮಾರ್ಚಿನಲ್ಲಿ, ಕೊರೊನಾದಿಂದ ಕಾಲೇಜು ಮುಚ್ಚಿ, ಎಲ್ಲರೂ ಗಂಟುಮೂಟೆ ಕಟ್ಟಿ ಊರು ಸೇರಿದೆವು. ಒಂದು ವಾರ ಎಂದುಕೊಂಡಿದ್ದೆವು. ನಮ್ಮೂರಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಗುಡ್ಡದ ಕಡೆ ಅರ್ಧ ಮೈಲಿ ನಡೆದರೆ, ಗಾಳಿಯಂತ್ರಗಳು ಕಾಣುವ ಒಂದು ಬದುವಿನ ಮೇಲೆ. ಸಂಜೆ ಐದಕ್ಕೆ ಅಲ್ಲಿ ಹೋಗಿ ಕೂರುತ್ತಿದ್ದೆ. ಸರ್ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದು ಫೋಟೋ ಕಳಿಸುತ್ತಿದ್ದರು. ಚಿತ್ರದ ಮೂಲೆಯಲ್ಲಿ ಅಗುಳಿ ಕಾಣುತ್ತಿತ್ತು. ಬಿಡಿಸಿದ್ದನ್ನು ನಾವು ಮಾತಲ್ಲೇ ಹೇಳಿ ವಾಯ್ಸ್ ಮೆಸೇಜ್ ಕಳಿಸಬೇಕು, ಕಟ್ಟಳೆ ಬದಲಾಗಿರಲಿಲ್ಲ. ರೋಣನ ಮೆಸೇಜಿನಲ್ಲಿ ಹಿಂದೆ ಎಮ್ಮೆ ಕೂಗುತ್ತಿತ್ತು. ಜುಲೈನಲ್ಲಿ ಅಂತಿಮ ವರ್ಷದವರನ್ನು ಬಿಟ್ಟು ಉಳಿದವರಿಗೆ ಪರೀಕ್ಷೆಯಿಲ್ಲ ಎಂದು ಸರ್ಕಾರ ಹೇಳಿತು. ಸುದ್ದಿ ಬಂದ ಸಂಜೆಯೂ ಬಾಗಿಲ ಫೋಟೋ ಬಂತು. ಯಾರೂ ಯಾಕೆ ಎಂದು ಕೇಳಲಿಲ್ಲ.

ನವೆಂಬರಿನಲ್ಲಿ ಕಾಲೇಜುಗಳ ಬಾಗಿಲು ತೆರೆದವು. 2021ರ ಹೊಸ ವರ್ಷದ ಹೊತ್ತಿಗೆ ನಮ್ಮ ನಂತರದ ಡಿಪ್ಲೊಮಾದವರು ಬಂದರು, ಮೂಗುಬಾಯಿ ಮುಚ್ಚಿಕೊಂಡು, ಕಣ್ಣಷ್ಟೇ ಕಾಣಿಸುತ್ತ. ಈಗ ಒಂದು ಬೆಂಚಿಗೆ ಇಬ್ಬರೇ ಕೂರಬೇಕು, ಹಾಗಾಗಿ ಕೆಲವರು ಬಿಸಿಲಿನ ಕಡೆಗೂ ಕೂತಿದ್ದರು. ಗ್ರೇಡಿಯಂಟಿನ ಸಂಜೆ ಸರ್ ಹಿಂದಿನ ಬೆಂಚಿಗೆ ಹೋಗಿ ಥರ್ಮಾಸ್ ತೆರೆದು, “ಮುಂಡರಗಿ, ಇವತ್ತ ನೀನ ಹೇಳು,” ಎಂದರು. ನಾನು ಒಣಬೇಸಾಯದಿಂದ ಶುರು ಮಾಡಿದೆ. ಬದು, ಈರುಳ್ಳಿ ಗೆರೆ, ಕೊಡದ ನೀರು, ಬಾಣ. ಎಲ್ಲ ರೋಣ ಹೇಳಿದ ಹಾಗೇ, ಮೀಸೆಯೊಂದು ಬಿಟ್ಟು. ಚೆನ್ನಾಗಿಯೇ ಹೋಗುತ್ತಿತ್ತು.

ಕೊಪ್ಪಳದ ಹುಡುಗಿಯೊಬ್ಬಳು ಕೈ ಎತ್ತಿದಳು. “ಅಣ್ಣಾ, ನಿಮ್ಮ ಕಪ್ಪತಗುಡ್ಡದ ತುಟ್ಟತುದೀಗೆ ಹೋಗಿ ನಿಂತ್ರ ಬಾಣ ಯಾವ ಕಡೆ ಇರ್ತೈತಿ?”

ಬೋರ್ಡಿನ ಮೇಲಿನ ಎಲ್ಲಕ್ಕಿಂತ ಒಳಗಿನ ಸುತ್ತನ್ನು ನೋಡಿದೆ. ಅದರ ನಡುವೆ ನಾನು ಏನನ್ನೂ ಬರೆದಿರಲಿಲ್ಲ. ಅಲ್ಲಿ ಕೊಡ ಸುರಿದರೆ ನೀರು ಎಲ್ಲ ಕಡೆಗೂ ಹರಿಯುತ್ತದೆ, ಇಲ್ಲವೇ ನಿಂತಲ್ಲೇ ನಿಲ್ಲುತ್ತದೆ. ಹಾಗಾದರೆ ಬಾಣ? ಸರ್ ಕಡೆ ತಿರುಗಿದೆ. ಅವರು ಥರ್ಮಾಸ್ಸಿನ ಮುಚ್ಚಳದಲ್ಲಿ ಚಹಾ ಆರಿಸುತ್ತ ಕಿಟಕಿಯಾಚೆಯ ಹತ್ತಿಹೊಲ ನೋಡುತ್ತಿದ್ದರು.

“ನೀನ ಇಲ್ಲಿ ಬಾ ತಂಗೀ,” ಎಂದೆ. ಅವಳಿಗೆ ಸೀಮೆಸುಣ್ಣದ ಅರ್ಧ ತುಂಡು ಮುರಿದು ಕೊಟ್ಟೆ. ಅವಳ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು.